ಮೊದಲ ದಿನದ ಸೀಸೆ

ಬೆಟಗೇರಿ
12-3-1986

ಡಾಕ್ಟರ್ ವನಮಾಲಾ ಬಾಯಾರಿಗೆ ಹಸೀನಾ ಮಾಡೂ ಸಲಾಮ್.

ನನ್ನ ನೆನಪು ನಿಮಗ ಹಾರಿರಬೇಕು. ದಿನಾ ಎಷ್ಟು ಮಂದಿ ತಾಯಂದಿರನ್ನ ನೋಡ್ತೀರಿ. ಜನವರಿ ತಿಂಗಳಾಗ ನಿಮ್ಮ ಮುಂಬೈ ಆಸ್ಪತ್ರಿಯ ಮಕ್ಕಳ ವಾರ್ಡಿನ್ಯಾಗ, ಕಿಟಕಿ ಬಾಜೂ ಖಾಟದ ಮ್ಯಾಲೆ ನನ್ನ ಮಗ ದಾದಾಪೀರ ಇದ್ದ. ಎಂಟು ತಿಂಗಳ ಕೂಸು. ಕೆಮ್ಮು, ದಮ್ಮು ಅಂತ ತಂದಿದ್ವಿ. ಸಂಡಾಸದ ಸೀಸೆ ಇಸಗೊಳ್ಳಾಕ ಬಂದ ನೀವು ನನ್ನ ಕೂಡ ಕನ್ನಡದಾಗ ಮಾತಾಡಿದ ಕೂಡಲೇ ನಾ ಅತ್ತುಬಿಟ್ಟೆ. "ಯಾಕಮ್ಮ ಅಳ್ತೀರಿ, ನನ್ನ ಕನ್ನಡ ಅಷ್ಟು ಕೆಟ್ಟದಾಗಿದೆಯಾ?" ಅಂದಿದ್ರಿ. ಈಗ ನೆನಪಾದೀತು.

ಕೆಮ್ಮು ಕಡಿಮಿ ಆತು. ಮನಿಗೆ ಕಳಸ್ತೀವಿ ಅಂತ ಅಂದ್ರು. ಅಷ್ಟರಾಗ ಜುಲಾಬು ಹತ್ತಿತು. ಪಕ್ಕದ ಖಾಟದಾಗ ಮಂಗಳೂರು ಕಡೆ ಹೆಣಮಗಳು ಅಪ್ಪಿ ಅಂತ ಇದ್ಲಲ್ಲ, ಆಕಿ ಕೂಸಿಗೂ ಹತ್ತಿತ್ತು. ಮುಂದಿಂದು ನಿಮಗ ಗೊತ್ತೈತಿ.

ನಮ್ಮವರು ಬಾಂದ್ರಾದಾಗ ಟೇಲರ್. ಅವರೇ ನನ್ನನ್ನ ಊರಿಗೆ ತಂದು ಬಿಟ್ಟಾರ. ಇಲ್ಲಿ ಮಂದಿ ತಾಯಿ ಹಾಲು ನಂಜಾದರ ಹಿಂಗ ಆಗತೈತಿ ಅಂತಾರ. ಸೀಸೆದಾಗ ಏನ್ ನೋಡ್ತೀರಿ ಅಂತ ನಾ ಕೇಳಿದಾಗ, ಗೊತ್ತಾದರ ಬರದು ತಿಳಿಸ್ತೀನಿ ಅಂದಿದ್ರಿ. ನೀವು ಎರಡು ಸಲ ಸೀಸೆ ಒಯ್ದಿರಿ. ಬಂದ ದಿನ ಒಮ್ಮೆ, ಜುಲಾಬು ಹತ್ತಿದ ಮ್ಯಾಲೆ ಒಮ್ಮೆ. ಅದು ಏನಿತ್ತು? ಒಂದರಾಗ ಇತ್ತೋ, ಎರಡರಾಗೂ ಇತ್ತೋ?

ಕನ್ನಡ ಸಾಲಿ ಏಳನೇತ್ತೆ ಮುಗಿಸೀನಿ. ತಪ್ಪಿದ್ದರ ಹೊಟ್ಟ್ಯಾಗ ಹಾಕ್ಕೋರಿ.

ಹಸೀನಾ

*

ಬೊರಿವಲಿ
2-4-1986

ಶ್ರೀಮತಿ ಹಸೀನಾ ಅವರಿಗೆ, ವಂದನೆಗಳು.

ನಿಮ್ಮ ನೆನಪಿದೆ. ದಾದಾಪೀರನದೂ ಇದೆ, ನನ್ನ ಕನ್ನಡಕ ಎಳೆಯುತ್ತಿದ್ದ.

ನಾನು ಓದಿದ್ದೆಲ್ಲ ಇಂಗ್ಲಿಷ್ ಶಾಲೆಯಲ್ಲಿ. ಕನ್ನಡ ಮನೆಯಲ್ಲಿ ಕಲಿತದ್ದು. ಬರೆಯಲು ಕುಳಿತರೆ ವಾಕ್ಯಗಳು ಆಸ್ಪತ್ರೆಯ ರಿಪೋರ್ಟಿನಂತೆ ಬರುತ್ತವೆ, ಬೇಸರ ಮಾಡಿಕೊಳ್ಳಬೇಡಿ.

ದಾದಾಪೀರನಿಗೆ ಬಂದದ್ದು ರೋಟಾವೈರಸ್ ಎಂಬ ರೋಗಾಣು. ಕಣ್ಣಿಗೆ ಕಾಣುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಅದಕ್ಕೆಂದೇ ಇರುವ ದೊಡ್ಡ ಯಂತ್ರದಲ್ಲಿ ನೋಡಿದರೆ ಪುಟ್ಟ ಗಾಲಿಯಂತೆ ಕಾಣುತ್ತದೆ, ನಡುವಿನಿಂದ ಅಂಚಿಗೆ ಕಡ್ಡಿಗಳಿರುವ ಗಾಲಿ. ಬಡವರು, ಇದ್ದವರು ಎಂಬ ಭೇದವಿಲ್ಲದೆ ಎಲ್ಲ ದೇಶದ ಮಕ್ಕಳಿಗೂ ಇದು ಬರುತ್ತದೆ. ಇದನ್ನು ಕೊಲ್ಲುವ ಔಷಧವಿಲ್ಲ. ಮೈಯಿಂದ ಹೋದ ನೀರು, ಉಪ್ಪನ್ನು ಮತ್ತೆ ತುಂಬಿಕೊಡುವುದೊಂದೇ ದಾರಿ. ಅವನ ಮೈಯಿಂದ ನೀರು ಹೋದ ವೇಗಕ್ಕೆ ನಾವು ಸಾಲದಾದೆವು.

ಇದು ತಾಯಿಯ ಹಾಲಿನಿಂದ ಬರುವುದಿಲ್ಲ. ತಾಯಿಯ ಹಾಲು ನಂಜಾಗುತ್ತದೆ ಎನ್ನುವುದು ಶುದ್ಧ ಸುಳ್ಳು. ರೋಗವಿರುವ ಮಗುವಿನ ಮಲದಿಂದ ಕೈಗೆ, ಕೈಯಿಂದ ಇನ್ನೊಂದು ಮಗುವಿನ ಬಾಯಿಗೆ ಇದು ಹೋಗುತ್ತದೆ. ಸರಿಯಾಗಿ ತೊಳೆಯದ ಕೈಯೇ ಇದರ ದಾರಿ.

ಎರಡನೆಯ ಸೀಸೆಯಲ್ಲಿ ವೈರಸ್ ತುಂಬಿತ್ತು. ಮೊದಲನೆಯದನ್ನು ಇನ್ನೂ ನೋಡಿಲ್ಲ. ಬಂದ ದಿನದ ಸೀಸೆಗಳನ್ನು ಫ್ರೀಜರಿನಲ್ಲಿಟ್ಟು ಕೊನೆಗೆ ಎಲ್ಲವನ್ನೂ ಒಟ್ಟಿಗೆ ನೋಡುವುದು ನಮ್ಮ ಪದ್ಧತಿ.

ಈ ಪತ್ರವನ್ನು ಮನೆಯವರಿಗೂ ತೋರಿಸಿ. ನಿಮ್ಮ ಹಾಲಿನ ಮೇಲಿನ ಅಪವಾದ ಹೋಗಲಿ.

ವನಮಾಲಾ

*

ಬೆಟಗೇರಿ
20-7-1986

ಡಾಕ್ಟರ್ ಬಾಯಾರಿಗೆ ಸಲಾಮ್.

ನಿಮ್ಮ ಪತ್ರ ಬಂದು ಭಾಳ ದಿನ ಆತು. ನಮ್ಮ ಭಾವ ಫಕ್ರುದ್ದೀನ ಬಸ್‌ಸ್ಟ್ಯಾಂಡ್ ಹತ್ರ ಗಡಿಯಾರ ರಿಪೇರಿ ಅಂಗಡಿ ಇಟ್ಟಾರ. ಪತ್ರ ಅಂದ್ರ ಮನ್ಯಾಗ ಅವರೇ ಓದೋರು. ಊಟ ಆದ ಮ್ಯಾಲೆ ಎಲ್ಲಾರನ್ನೂ ಕೂಡಿಸಿ ಕನ್ನಡದಾಗ ಓದಿ, ನಮ್ಮತ್ತಿ ಹಜರತಬಿಗೆ ತಿಳಿಲಿ ಅಂತ ನಮ್ಮ ದಖನಿ ಮಾತಿನ್ಯಾಗೂ ಹೇಳಿದ್ರು. ಎರಡು ಸಲ ಓದಿದ್ರು. ಎಲ್ಲಾರಿಗೂ ತಿಳೀತು. ಹಾಲಿನ ಮಾತು ಆವತ್ತಿಗೆ ನಿಂತಿತು.

ನಾವೆಲ್ಲಾ ಆರಾಮ ಅದೀವಿ. ನಮ್ಮವರು ಬಾಂದ್ರಾಕ್ಕ ಹೋದ್ರು. ಅತ್ತಿಗೆ ಮೊಳಕಾಲು ನೋವು, ಹಂಗಾಗಿ ನಾ ಇಲ್ಲೇ ಉಳದೀನಿ. ಬಕ್ರೀದಿಗೆ ಬರ್ತೀನಿ ಅಂದಾರ.

ನಮ್ಮ ಮಗ್ಗಲ ಮನಿ ಹೆಣಮಗಳೊಬ್ಬಾಕಿ ಕೇಳಾಕತ್ತಾಳ. ಕೈಗೆ ಒಮ್ಮೆ ಹತ್ತಿದ ರೋಗ ಕೈಯಾಗ ಎಷ್ಟು ದಿನ ಇರತೈತಿ? ಬರೇ ಸಾಬಾಣ ಸಾಕೋ, ಅರಿವಿ ಒಗೆಯೂ ಸೋಡಾನೂ ಹಚ್ಚಬೇಕೋ? ಅಂಥಾ ಕೈಲೇ ರೊಟ್ಟಿ ಬಡದರ ಮನಿ ಮಂದಿಗೆ ಏನೂ ಆಗೂದಿಲ್ಲಲ್ಲ? ಆಕಿಗೆ ಹೇಳಬೇಕು, ಬರೀರಿ.

ಮೊದಲನೇ ಸೀಸೆ ನೋಡಿದ ಮ್ಯಾಲೆ ಅದನ್ನೂ ಬರೀರಿ.

ಹಸೀನಾ

*

ಬೊರಿವಲಿ
9-9-1986

ಪ್ರಿಯ ಹಸೀನಾ,

ಎಷ್ಟು ಸಂತೋಷವಾಯಿತು ಗೊತ್ತೇ! ಪತ್ರವನ್ನು ರೈಲಿನಲ್ಲಿ ಓದಿದೆ. ನಮ್ಮ ಬೊರಿವಲಿ ಲೋಕಲ್‌ನಲ್ಲಿ ಕೂರಲು ಜಾಗ ಸಿಗುವುದೇ ಅಪರೂಪ. ನಿಂತೇ ಓದಿ ಒಬ್ಬಳೇ ನಕ್ಕೆ. ಪಕ್ಕದ ಗುಜರಾತಿ ಹೆಂಗಸು "ಖುಷ್‌ಖಬರಿ ಹೈ ಕ್ಯಾ?" ಎಂದು ಕೇಳಿದಳು. ಹೌದು, ಸಿಹಿಸುದ್ದಿಯೇ ಎಂದೆ.

ವರ್ಷಗಟ್ಟಲೆ ಸೀಸೆಗಳ ನಡುವೆ ಕೆಲಸ ಮಾಡುತ್ತಿದ್ದೇನೆ. ನಾವು ಕಂಡುಹಿಡಿದದ್ದು ಒಂದು ಮನೆಯ ಊಟದ ಹೊತ್ತಿಗೆ ತಲುಪಿತು ಎಂದು ಕೇಳಿದ್ದು ಇದೇ ಮೊದಲು. ಪಕ್ಕದ ಮನೆಯವರಿಗೂ ನೀವು ಕೈ ತೊಳೆಯುವುದನ್ನು ಹೇಳಿಕೊಡುತ್ತಿದ್ದೀರಿ! ಅವರಿಗೆ ಹೇಳಿ: ಸಾಬೂನು, ಧಾರಾಳ ನೀರು ಸಾಕು, ಸೋಡಾ ಬೇಡ, ಚರ್ಮ ಸುಲಿಯುತ್ತದೆ. ತೊಳೆದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸಕ್ಕರೆ-ಉಪ್ಪಿನ ಪುಡಿಯ ಪೊಟ್ಟಣಗಳನ್ನು ಕಳಿಸುತ್ತಿದ್ದೇನೆ. ಯಾವ ಮಗುವಿಗೆ ಭೇದಿಯಾದರೂ ಕಾಯಿಸಿ ಆರಿಸಿದ ನೀರಲ್ಲಿ ಕಲಸಿ ಗುಟುಕು ಗುಟುಕಾಗಿ ಕೊಡಲಿ. ಎದೆಹಾಲು ನಿಲ್ಲಿಸಬಾರದು.

ನಾವೀಗ ಹೊಸ ಪರೀಕ್ಷೆ ಕಲಿಯುತ್ತಿದ್ದೇವೆ. ವೈರಸ್ಸಿನ ಹೊಟ್ಟೆಯಲ್ಲಿ ಹನ್ನೊಂದು ಎಳೆಗಳಿವೆ. ಅಂಟಿನಂಥ ತೆಳು ಹಾಳೆಯೊಂದರಲ್ಲಿ ಅವನ್ನು ಹರಿಯಬಿಟ್ಟು ಬೆಳ್ಳಿಯ ನೀರಿನಲ್ಲಿ ಅದ್ದಿದರೆ ಹನ್ನೊಂದು ಗೆರೆಗಳು ಮೂಡುತ್ತವೆ, ಸೀರೆಯ ಅಂಚಿನ ಪಟ್ಟೆಗಳಂತೆ. ಇಬ್ಬರು ಮಕ್ಕಳ ಗೆರೆಗಳು ತಪ್ಪದೆ ಹೊಂದಿದರೆ ಇಬ್ಬರಿಗೂ ವೈರಸ್ ಬಂದದ್ದು ಒಂದೇ ಕಡೆಯಿಂದ ಎಂದು ತಿಳಿಯಬಹುದು. ಮೊದಲ ದಿನದ ಸೀಸೆಗಳನ್ನೂ ಚಳಿಗಾಲದಲ್ಲಿ ತೆಗೆಯುತ್ತೇವೆ.

ನಿಮ್ಮ ಅತ್ತೆಯವರ ಮೊಣಕಾಲು ಹೇಗಿದೆ?

ವನಮಾಲಾ

*

ಬೆಟಗೇರಿ
14-1-1987

ಬಾಯಾರಿಗೆ ಸಲಾಮ್.

ಪುಡಿ ಪೊಟ್ಟಣ ಮುಟ್ಟಿದವು. ಅತ್ತಿ ಆರಾಮ ಅದಾರ.

ಚಳಿಗಾಲ ಬಂತು. ಮೊದಲನೇ ಸೀಸೆ ನೋಡಿದ್ರೇನು? ಗೆರಿ ಹೊಂದಿದ್ವೇನು? ಯಾರ ಕೂಡ ಹೊಂದಿದ್ವು? ನಮ್ಮ ಮನ್ಯಾಗ ಬ್ಯಾರೆ ಕೂಸು ಇರಲಿಲ್ಲ. ಬಾಂದ್ರಾದ ಖೋಲಿಯೊಳಗೂ ಇರಲಿಲ್ಲ. ಹಂಗಾರ ನನ್ನ ಕೈಗೆ ಎಲ್ಲಿಂದ ಬಂತು ಅಂತ ನಾ ಒಬ್ಬಾಕಿನೇ ಕುಂತು ವಿಚಾರ ಮಾಡ್ತೀನಿ.

ಏನಿದ್ದರೂ ಬರೀರಿ. ಲಗೂನ ಬರೀರಿ. ನನಗ ಬೇಕಾಗೇತಿ.

ಹಸೀನಾ

*

ಬೊರಿವಲಿ
27-2-1987

ಪ್ರಿಯ ಹಸೀನಾ,

ಉತ್ತರ ತಡವಾಯಿತು, ಕೆಲಸ ಹೆಚ್ಚಿತ್ತು.

ನೀವು ಕೇಳಿದ ಪರೀಕ್ಷೆಯ ಬಗ್ಗೆ ಈಗಲೇ ಏನನ್ನೂ ಹೇಳುವ ಸ್ಥಿತಿಯಲ್ಲಿ ನಾವಿಲ್ಲ. ಇಂಥವನ್ನು ಹಲವು ಸಲ ಮಾಡಿ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಆಗಿಹೋದದ್ದನ್ನು ಮತ್ತೆ ಮತ್ತೆ ಕೆದಕಬೇಡಿ. ನಿಮಗಿನ್ನೂ ಚಿಕ್ಕ ವಯಸ್ಸು. ಆರೋಗ್ಯ ನೋಡಿಕೊಳ್ಳಿ.

ವನಮಾಲಾ

*

ಬೆಟಗೇರಿ
11-8-1987

ಡಾಕ್ಟರ್ ಬಾಯಾರಿಗೆ,

ನಿಮಗ ಒಂದು ಸುದ್ದಿ ಹೇಳಿರಲಿಲ್ಲ. ಜನವರಿಯಾಗ ಪತ್ರ ಬರದಾಗ ನಾ ಐದು ತಿಂಗಳ ಬಸರಿ. ರಂಜಾನ್ ತಿಂಗಳಾಗ ಗಂಡು ಹುಟ್ಯಾನ. ಬೆಳ್ಳಗ ಅದಾನ.

ಅವ ನನ್ನ ನೆಗೆಣ್ಣಿ, ಫಕ್ರುದ್ದೀನ ಭಾವನ ಹೆಂಡ್ತಿ ಮಾಲನಬಿ ಹತ್ರ ಇರ್ತಾನ. ಚಿಲ್ಲಾದ ನಲವತ್ತು ದಿನ ಮುಗದು ಸ್ನಾನ ಆದ ದಿನ ಅತ್ತಿ ಎತ್ತಿಕೊಂಡು ಹೋಗಿ ಆಕಿ ಉಡ್ಯಾಗ ಹಾಕಿದ್ರು. ಆಕಿಗೆ ಮಕ್ಕಳಿಲ್ಲ. ಆಕಿ ಕೈ ಭಾಳ ಸ್ವಚ್ಛ. ಬಾಟ್ಲಿ ಹಾಲು ಹಾಕ್ತಾಳ. ನಾ ಹೊರಸಿನ ಮುಂದ ಕುಂತು ನೋಡಬಹುದು, ಮುಟ್ಟಬಾರದು.

ನೀವು ಬರದ ಮೊದಲನೇ ಪತ್ರ ಭಾವ ಜೋಪಾನ ಇಟ್ಟಾರ. "ಸರಿಯಾಗಿ ತೊಳೆಯದ ಕೈಯೇ ಇದರ ದಾರಿ" ಅನ್ನೂ ಕಡೆ ಕೆಂಪು ಗೆರಿ ಎಳದಾರ. "ದೊಡ್ಡ ಡಾಕ್ಟರ್ ಸ್ವತಾ ಬರದಾಳವ್ವಾ, ನಾ ಹೇಳಿದ್ದಲ್ಲ. ಎಂಟು ತಿಂಗಳ ಕೂಸಿನ ಮುಟ್ಟಿದ ಕೈ ಅಂದ್ರ ತಾಯಿ ಕೈಯೇ ಅಲ್ಲೇನು?" ಅಂತ ಕೇಳಿದ್ರು. ಮಗ್ಗಲ ಮನಿ ಹೆಣಮಗಳು ಅಂತ ಯಾರೂ ಇಲ್ಲರಿ. ಸೋಡಾ ಹಚ್ಚಾಕಿ ನಾನೇ.

ನಿಮ್ಮ ಮ್ಯಾಲೆ ಸಿಟ್ಟಿಲ್ಲ. ನನ್ನ ಹಾಲು ಉಳಿಸಿ ಕೊಟ್ಟಿದ್ರಿ. ಬತ್ತಿ ಹೋಗೂ ಮುಂಚೆ ಒಮ್ಮೆ ಹೇಳಬೇಕನಿಸಿತು.

ಹಸೀನಾ

*

ಬೊರಿವಲಿ
19-8-1987

ಜನಾಬ್ ಫಕ್ರುದ್ದೀನ ಸಾಹೇಬರಿಗೆ,

ಕಳೆದ ವರ್ಷ ನಾನು ಬರೆದ ಪತ್ರವನ್ನು ನೀವು ಮನೆಯವರನ್ನೆಲ್ಲ ಕೂರಿಸಿ ಓದಿದಿರಿ. ಇದನ್ನೂ ಹಾಗೆಯೇ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಆ ಪತ್ರ ಸುಳ್ಳಲ್ಲ, ಆದರೆ ಅರ್ಧ. ಆಗ ನನಗೆ ಗೊತ್ತಿದ್ದದ್ದೂ ಅರ್ಧವೇ. ಉಳಿದದ್ದು ಈ ಫೆಬ್ರವರಿಯಲ್ಲಿ ತಿಳಿಯಿತು. ತಿಳಿದೂ ಹಸೀನಾಗೆ ಬರೆಯಲಿಲ್ಲ.

ನಮ್ಮ ವಾರ್ಡಿಗೆ ಯಾವ ಕಾಯಿಲೆಗೆ ಮಗು ಬಂದರೂ ಬಂದ ದಿನವೇ ಮಲದ ಮಾದರಿ ತೆಗೆದಿಡುತ್ತೇವೆ. ದಾದಾಪೀರ ಕೆಮ್ಮಿಗೆಂದು ಬಂದ. ಅವನ ಮೊದಲ ದಿನದ ಸೀಸೆಯಲ್ಲಿ ವೈರಸ್ ಇರಲಿಲ್ಲ. ಒಂದೂ ಇರಲಿಲ್ಲ. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದ ಮೇಲಿನ ಸೀಸೆಯಲ್ಲಿ ತುಂಬಿತ್ತು. ಆ ವೈರಸ್ಸಿನ ಗೆರೆಗಳನ್ನೂ, ಅವನು ಬರುವ ಮುಂಚಿನಿಂದ ಅದೇ ವಾರ್ಡಿನಲ್ಲಿದ್ದ ಮಕ್ಕಳ ಗೆರೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಕೂದಲಷ್ಟೂ ವ್ಯತ್ಯಾಸವಿಲ್ಲ. ಅವನಿಗೆ ರೋಗ ಬಂದದ್ದು ನಮ್ಮ ವಾರ್ಡಿನಿಂದ. ಮನೆಯಿಂದಲ್ಲ, ತಾಯಿಯಿಂದಲ್ಲ.

ನಾನು ಬರೆದ ಆ ಕೈ ಆಸ್ಪತ್ರೆಯ ಕೈ. ಮಧ್ಯಾಹ್ನದ ಮೇಲೆ ಆ ವಾರ್ಡಿನ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಒಬ್ಬಳೇ ಆಯಾ ಎಲ್ಲ ಮಕ್ಕಳ ಬಟ್ಟೆ ಬದಲಿಸುತ್ತಿದ್ದಳು. ಸಿರಪ್ಪು ಕುಡಿಸಲು ಒಂದೇ ಸ್ಟೀಲಿನ ಒಳಲೆ. ಇಲ್ಲಿ ಅದಕ್ಕೆ ಬೊಂಡ್ಲಾ ಎನ್ನುತ್ತಾರೆ. ಒಂದು ಮಗುವಿನ ಬಾಯಿಂದ ತೆಗೆದು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಇನ್ನೊಂದರ ಬಾಯಿಗೆ. ಆ ನೀರು ಬಿಸಿ ಇರುತ್ತಿದ್ದದ್ದು ಬೆಳಿಗ್ಗೆ ಮಾತ್ರ. ರೋಗ ಹರಡಿದ್ದು ಕೈಯಿಂದಲೋ ಒಳಲೆಯಿಂದಲೋ, ಅದನ್ನು ಗೆರೆಗಳು ಹೇಳುವುದಿಲ್ಲ. ನಾನು ದಿನವೂ ಸೀಸೆ ಹಿಡಿದು ಆ ಒಳಲೆಯ ಪಕ್ಕದಲ್ಲೇ ಓಡಾಡುತ್ತಿದ್ದೆ. ನನ್ನ ಗಮನವೆಲ್ಲ ಸೀಸೆಯ ಮೇಲಿತ್ತು.

ಏಕೆ ಬರೆಯಲಿಲ್ಲ ಎಂದು ನೀವು ಕೇಳಬಹುದು. ನಮ್ಮ ವಿಭಾಗದ ಮುಖ್ಯಸ್ಥರು ವೆಂಕಟಸುಬ್ಬಯ್ಯನವರು ಮೈಸೂರಿನವರು, ಹಿರಿಯರು. ಫಲಿತಾಂಶ ಒಯ್ದು ತೋರಿಸಿ "ಇದು ನಾವೇ ಕೊಟ್ಟಿದ್ದು, ಸರ್" ಎಂದೆ.

"ನಾವೇ ಅಂದ್ರೆ ಯಾರಮ್ಮ? ನೀವಾ, ನಾನಾ, ಆ ಸಿಸ್ಟರಾ?" ಎಂದರು. ಆಮೇಲೆ ಮೆಲ್ಲಗೆ, "ಜರ್ನಲ್ ಪೇಪರಲ್ಲಿ ಬರೀರಿ ವನಮಾಲಾ, ಆಸ್ಪತ್ರೆ ಹೆಸರು ಹಾಕದೆ ಬರೀರಿ, ಬೇಡ ಅನ್ನಲ್ಲ. ಪೋಸ್ಟಲ್ಲಿ ಬರೀಬೇಡಿ. ನಾಳೆ ಜನ ಬಂದು ವಾರ್ಡ್ ಮುಚ್ಚಿಸಿದ್ರೆ ಈ ಮಕ್ಕಳು ಎಲ್ಲಿಗೆ ಹೋಗ್ತಾರೆ ಹೇಳಿ?"

ಅದು ಕೆಟ್ಟ ಮನುಷ್ಯನ ಮಾತಲ್ಲ. ಈಗ ಪ್ರತಿ ಮಗುವಿಗೂ ಬೇರೆ ಬೇರೆ ಒಳಲೆ ತರಿಸಿದವರೂ, ನೀರಿನ ಡ್ರಮ್ಮು ಇಡಿಸಿದವರೂ ಅವರೇ. ನನಗೆ ಆ ಮಾತು ಅನುಕೂಲವಾಗಿತ್ತು, ಅಷ್ಟೇ. ಹೇಳಬೇಕಾದದ್ದನ್ನು ಹೇಳದಿರಲು ಒಳ್ಳೆಯ ಕಾರಣ ಸಿಕ್ಕಿತೆಂದುಕೊಂಡೆ. ಆ ಕಾರಣದ ಬೆಲೆಯನ್ನು ಬೆಟಗೇರಿಯಲ್ಲಿ ಇನ್ನೊಬ್ಬಳು ತೆರುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ.

ಸಾಹೇಬರೇ, ಕೆಂಪು ಗೆರೆ ಎಳೆದಿದ್ದೀರಂತೆ. ಇದಕ್ಕೂ ಎಳೆಯಿರಿ: ದಾದಾಪೀರ ಆರೋಗ್ಯವಾದ ಹೊಟ್ಟೆಯೊಂದಿಗೆ ತಾಯಿಯ ಕೈಯಿಂದ ನಮ್ಮ ಕೈಗೆ ಬಂದ.

ಕೂಸನ್ನು ತಾಯಿಗೆ ಕೊಡಿ. ಬಾಟಲಿಗಿಂತ ಅವರ ಎದೆಹಾಲೇ ಅದಕ್ಕೆ ಕ್ಷೇಮ. ಇದನ್ನು ಡಾಕ್ಟರಾಗಿ ಹೇಳುತ್ತಿದ್ದೇನೆ.

ವನಮಾಲಾ

*

ಬೆಟಗೇರಿ
3-11-1987

ವನಮಾಲಾ ಅಕ್ಕಾರಿಗೆ ಹಸೀನಾ ಮಾಡೂ ಸಲಾಮ್.

ಭಾವಾಗ ಬರದ ಪತ್ರ ಬಂತು. ಅವರು ನಿಂತಲ್ಲೇ ಒಬ್ಬರೇ ಓದಿದ್ರು. ಮಡಚಿ ಕಿಸೆದಾಗ ಇಟ್ಟು "ಅಂಗಡಿಗೆ ತಡಾ ಆತು" ಅಂತ ಹೋದ್ರು. ಸಂಜಿಕೆ ಅತ್ತಿ ಬಿಡಲಿಲ್ಲ. "ಆ ಪತ್ರ ಓದಿದ್ಯಲ್ಲಾ ಮಗನ, ಇದನ್ನೂ ಓದು. ಇದಕ್ಕ ಕಣ್ಣು ಕಾಣವಲ್ವೇನು?" ಅಂದ್ರು. ಓದಿದ್ರು.

ಅತ್ತಿ "ಫಿರ್ ಓ ಹಾತಾಂ ಕಿಸ್ಕೆ ಥೇ?" ಅಂದ್ರು. ಹಂಗಾರ ಆ ಕೈ ಯಾರವು ಅಂತ. ಭಾವ "ಆಸ್ಪತ್ರಿಯವರವು, ಅಮ್ಮಾ" ಅಂದ್ರು. ಅತ್ತಿ ನನ್ನನ್ನ ಹತ್ರ ಕರದು, ಕೈ ಹಿಡಕೊಂಡು ಚಿಮಣಿ ಬೆಳಕಿಗೆ ಹೊಳ್ಳಿಸಿ ನೋಡಿದ್ರು. ಸೋಡಾ ಹಚ್ಚಿ ಹಚ್ಚಿ ಒಡದಾವ. ಕೊಬ್ಬರಿ ಎಣ್ಣಿ ಹಚ್ಚಿದ್ರು.

ಮಾಲನಬಿ ತಾನೇ ಕೂಸಿನ್ನ ತಂದು ನನ್ನ ತೊಡಿ ಮ್ಯಾಲೆ ಹಾಕಿದ್ಲು. ಅವ ನನ್ನ ಮುಖಾ ನೋಡಿ ಚಿಟ್ಟನ ಚೀರಿದ. ಆಕಿ ಬಾಗಲ ಹಿಂದ ನಿಂತು ಅಳಾಕತ್ತಿದ್ಲು, ಸೆರಗು ಬಾಯಿಗೆ ತುರಕೊಂಡು. ನನ್ನ ಹಾಲೂ ಬತ್ತಿತ್ತು ಅಕ್ಕಾರ. ಎದಿಗೆ ಹಚ್ಚಿಕೊಂಡೆ, ಅವಗ ಸಿಗಲಿಲ್ಲ. ಈಗ ಹಗಲು ನನ್ನ ಹತ್ರ, ರಾತ್ರಿ ಆಕಿ ಹತ್ರ. ತಾಯಿ ಯಾರು ಅಂತ ಅವಗ ನಾವು ಇಬ್ಬರೂ ಹೇಳಿಲ್ಲ. ಮಾತು ಬಂದ ಮ್ಯಾಲೆ ಅವ ಯಾರನ್ನ ಅಮ್ಮಾ ಅಂತಾನೋ ಅಂತ ಇಬ್ಬರೂ ಕಾಯಾಕತ್ತೀವಿ.

ನೀವು ಖರೇ ಹೇಳಿದ್ದು ಚಲೋ ಆತು. ತಡಾ ಆತು ಅಂತ ಬರದು ನಿಮಗ ನೋವು ಮಾಡೂದಿಲ್ಲ.

ಆದರ ಒಂದು ಕೇಳೂದೈತಿ. ಪಕ್ಕದ ಖಾಟದ ಅಪ್ಪಿಗೆ ಬರದೀರೇನು? ಆಕಿ ಮಗಳೂ ಹೋತು, ನಮ್ಮವನಕಿಂತ ಒಂದು ದಿನ ಮೊದಲ. ಸೀರಿ ಗಂಟು ಕಟಗೊಂಡು ಹೊರಟಾಗ ವಾರ್ಡಿನ ಬಾಗಲದಾಗ ನಿಂತು ನನ್ನ ಕೇಳಿದ್ಲು, "ಅಕ್ಕಾ, ನಮ್ಮ ಮಗುವಿಂದಲೇ ನಿಮ್ಮ ಮಗುವಿಗೆ ಹತ್ತಿದ್ದಾ?" ಅಂತ. ನಾ ಅಲ್ಲ ಅನಲಿಲ್ಲ. ಆಗ ನನಗೂ ಹಂಗೇ ಅನಿಸಿತ್ತು. ಆಕಿ ತಲಿ ಕೆಳಗ ಹಾಕಿಕೊಂಡು ಹೋದ್ಲು. ನನ್ನ ಮ್ಯಾಲಿನ ಅಪವಾದ ಇಳದ ಮ್ಯಾಲೆ ಆಕಿದೇ ನೆನಪು ಬರತೈತಿ. ಆಕಿ ಗಂಡನ ಹೆಸರು ಐತ, ಗ್ರಾಂಟ್ ರೋಡ್ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ್ಯಾಗ ಕೆಲಸ ಮಾಡ್ತಾನ.

ಹಸೀನಾ

*

ಬೊರಿವಲಿ
10-1-1988

ಶ್ರೀ ಐತ ಮತ್ತು ಶ್ರೀಮತಿ ಅಪ್ಪಿ ಅವರಿಗೆ, ವಂದನೆಗಳು.

ನೀವು ನನ್ನನ್ನು ಮರೆತಿರಬಹುದು. ಎರಡು ವರ್ಷದ ಹಿಂದೆ ನಿಮ್ಮ ಮಗಳು ಮಕ್ಕಳ ವಾರ್ಡಿನಲ್ಲಿದ್ದಾಗ ಸೀಸೆ ಪಡೆಯಲು ಬರುತ್ತಿದ್ದವಳು ನಾನು. ಕಳೆದ ಎರಡು ಶನಿವಾರವೂ ನಿಮ್ಮ ಹೋಟೆಲಿಗೆ ಬಂದಿದ್ದೆ. ಕಾಫಿ ಕುಡಿದು, ಗಲ್ಲಾದಲ್ಲಿ ಕುಳಿತಿದ್ದವರನ್ನು ಏನೂ ಕೇಳದೆ ಲೋಕಲ್ ಹಿಡಿದು ವಾಪಸಾದೆ. ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಮಗಳು ಜ್ವರಕ್ಕೆಂದು ಬಂದಿದ್ದಳು. ಮೊದಲ ದಿನದ ಅವಳ ಸೀಸೆಯನ್ನು ಈಗ ಮತ್ತೊಮ್ಮೆ ತೆಗೆದು ನೋಡಿದೆ. ಅದರಲ್ಲಿ ಭೇದಿಯ ವೈರಸ್ ಇರಲಿಲ್ಲ. ಅದು ಅವಳಿಗೆ ಬಂದದ್ದು ನಮ್ಮ ವಾರ್ಡಿನಲ್ಲಿ, ನಮ್ಮ ಕೈಗಳಿಂದ. ಪಕ್ಕದ ಮಂಚದ ದಾದಾಪೀರನಿಗೂ ಅಲ್ಲಿಂದಲೇ ಬಂತು; ಅವರಿಬ್ಬರೂ ಬರುವ ಮುಂಚೆಯೇ ವಾರ್ಡಿನ ಬೇರೆ ಮಕ್ಕಳಲ್ಲಿ ಅದೇ ವೈರಸ್ ಇತ್ತು. ಹೇಗೆ ಎಂಬುದನ್ನು ವಿವರವಾಗಿ ಹೇಳಬೇಕು. ನೀವು ಬಾ ಎಂದರೆ ಬಂದು ಎದುರಿಗೆ ಕುಳಿತು ಹೇಳುತ್ತೇನೆ. ಬೈಯಬೇಕೆನಿಸಿದರೆ ಅದಕ್ಕೂ ಬರುತ್ತೇನೆ.

ಅಪ್ಪಿಯವರೇ, ವಾರ್ಡಿನ ಬಾಗಿಲಲ್ಲಿ ನೀವು ಹಸೀನಾ ಅವರನ್ನು ಒಂದು ಮಾತು ಕೇಳಿದಿರಂತೆ. ಆ ದಿನ ಅವರಿಂದ ಉತ್ತರ ಬರಲಿಲ್ಲ. ಈಗ ನನ್ನ ಕೈಲಿ ಕೊಟ್ಟು ಕಳಿಸಿದ್ದಾರೆ: ಅಲ್ಲ. ನಿಮ್ಮ ಮಗುವಿನಿಂದಲ್ಲ.

ಇನ್ನೊಂದು ವಿಷಯ. ಆ ವೈರಸ್ಸಿಗೆ ನಾವು ಹೆಸರು ಹುಡುಕಿದೆವು, ಅದರ ಗೆರೆಗಳ ಫೋಟೋ ತೆಗೆದೆವು. ನಿಮ್ಮ ಮಗಳ ಸೀಸೆಯ ಮೇಲೆ ಮಾತ್ರ 'ಅಪ್ಪಿಯ ಮಗು' ಎಂದಷ್ಟೇ ಇದೆ. ಅಕ್ಷರ ನನ್ನದೇ. ಆ ದಿನ ನಾನು ಕೇಳಲಿಲ್ಲ.

ಅವಳ ಹೆಸರೇನಿತ್ತು?

ವನಮಾಲಾ